ಕೊಪ್ಪರಿಗೆಯ ಅಂಚಿನ ಹೆಸರು

ನಮ್ಮತ್ತೆಯ ಬಲಗೈ ನಡುಬೆರಳಿನ ಗೆಣ್ಣು ಜಡ್ಡುಗಟ್ಟಿ ಹುಣಸೆಬೀಜದ ಹಾಗೆ ಹೊಳೆಯುತ್ತಿತ್ತು. ಎಲ್ಲಿ ಪಾತ್ರೆ ಕಂಡರೂ ಆ ಗೆಣ್ಣಿನಿಂದ ಒಂದು ಕುಟ್ಟು ಕುಟ್ಟಿ, ತಲೆ ವಾಲಿಸಿ, ಎಡಕಿವಿ ಕೊಟ್ಟು ಕೇಳುವಳು. ಬಲಕಿವಿ ಅವಳಿಗೆ ಮಂದ. ಕಂಚೋ, ಹಿತ್ತಾಳೆಯೋ, ಎಲ್ಲಾದರೂ ಸೀಳಿದೆಯೋ, ಸೀಳಿದ್ದಕ್ಕೆ ಬೆಸುಗೆ ಹಾಕಿ ಮುಚ್ಚಿದ್ದಾರೋ, ಎಲ್ಲ ಆ ಒಂದು ಕುಟ್ಟಿನಲ್ಲಿ ತಿಳಿಯಬೇಕು. ನನ್ನನ್ನು ಹೆಣ್ಣು ನೋಡಲು ಜಡಿಗೇನಹಳ್ಳಿಗೆ ಬಂದಾಗಲೂ ಹಾಗೆಯೇ ಮಾಡಿದಳು. ನನ್ನ ಮುಖ ನೋಡುವ ಮೊದಲು ನಾನು ನೀರು ತಂದುಕೊಟ್ಟ ಚೊಂಬನ್ನು ಕುಟ್ಟಿದಳು. "ಚೊಂಬು ಚೆನ್ನಾಗೈತೆ," ಅಂದಳು. ಅದನ್ನೇ ಒಪ್ಪಿಗೆ ಎಂದು ತಿಳಿದು ನಮ್ಮಪ್ಪ ಎಲೆ ಅಡಿಕೆ ತರಲು ಎದ್ದ. ಚೊಂಬೂ ನನ್ನ ಜೊತೆಗೇ ಬಂತು.

ಅತ್ತೆಯನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ. ಹತ್ತಿರದವರಿಗೆ ನಮ್ಮ ಕಡೆ ಹಾಗೇ. ಬಹುವಚನ ದೊಡ್ಡಮಾವನಿಗೆ ಇಟ್ಟಿದ್ದೇನೆ.

ನಾನು ಆ ಮನೆಗೆ ಹೋದದ್ದು ಅರವತ್ತರ ದಶಕದಲ್ಲಿ. ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಕಡೆ ಹೋಗುವ ರಸ್ತೆ ಬದಿಯ ಮನೆ. ಮಾವ ಆಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ನನ್ನ ಗಂಡ, ಮದುವೆಯಾಗದ ನಾದಿನಿ. ಮಾವನ ಅಣ್ಣ, ಅಂದರೆ ದೊಡ್ಡಮಾವ, ಪಕ್ಕದಲ್ಲೇ ಇದ್ದರು. ಒಂದೇ ಮನೆಯನ್ನು ಭಾಗ ಮಾಡಿ ನಡುವೆ ಗೋಡೆ ಎಬ್ಬಿಸಿದ್ದರು. ಆ ಕಡೆ ಕೆಮ್ಮಿದರೆ ಈ ಕಡೆ ಕೇಳಿಸುತ್ತಿತ್ತು.

ಅತ್ತೆಗೆ ಹಳೆಯ ಸಾಮಾನಿನ ಹುಚ್ಚು. ಮದುವೆಗೆ ಹೋಗಲಿ, ನಾಮಕರಣಕ್ಕೆ ಹೋಗಲಿ, ಸಾವಿನ ಮನೆಗೇ ಹೋಗಲಿ, ಆ ಮನೆಯ ಅಟ್ಟದ ಮೇಲೆ ಅವಳ ಕಣ್ಣು. ಹೆಣದ ಮುಂದೆ ಕೂತು ಎಲ್ಲರ ಜೊತೆ ಅತ್ತು, ಸೆರಗಲ್ಲಿ ಮುಖ ಒರೆಸಿಕೊಂಡು, ಮನೆಯವಳ ಕಿವಿಯಲ್ಲಿ ಕೇಳುವಳು: "ಅವ್ವಾ, ನಿಮ್ಮಟ್ಟದ ಮ್ಯಾಲೆ ಏನೈತೆ?" ನನಗೆ ನೆಲ ಬಿರಿದು ಒಳಗೆ ಹೋಗಬೇಕು ಅನ್ನಿಸುವುದು. ಅವಳಿಗೆ ಅನ್ನಿಸುತ್ತಿರಲಿಲ್ಲ. ಏಣಿ ಇಲ್ಲದಿದ್ದರೆ ಒರಳಿನ ಮೇಲೆ ನಿಂತು ಅಟ್ಟ ಹತ್ತುವಳು. ಇಳಿದು ಬರುವಾಗ ತಲೆತುಂಬ ಜೇಡರಬಲೆ, ಕೈಯಲ್ಲಿ ಒಂದು ಸುಣ್ಣದ ಡಬ್ಬಿಯೋ, ಚನ್ನೆಮಣೆಯೋ, ಕಾಲು ಮುರಿದ ದೀಪದ ಕಂಬವೋ. "ಇದ್ನ ಯಾಕವ್ವ ಇಲಿಗೆ ಹಾಕಿದೀರಾ, ನಂಗೆ ಕೊಡಿ." ಜನ ನಕ್ಕು ಕೊಡುತ್ತಿದ್ದರು. ಊರಲ್ಲಿ ಅವಳಿಗೆ ಅಟ್ಟದಮ್ಮ ಅಂತ ಹೆಸರಿಟ್ಟಿದ್ದರು. ಕೂಗಿದರೆ ತಿರುಗಿ ನೋಡುತ್ತಿದ್ದಳು, ಕೋಪವಿಲ್ಲ.

ಅದು ಸ್ಟೀಲ್ ಪಾತ್ರೆ ಹಳ್ಳಿಗಳಿಗೆ ನುಗ್ಗಿದ ಕಾಲ. ಸೈಕಲ್ಲಿನ ಹಿಂದೆ ಕುಕ್ಕೆ ಕಟ್ಟಿಕೊಂಡು ಒಬ್ಬ ಬರುತ್ತಿದ್ದ. "ಹಳೇ ಹಿತ್ತಾಳೆ, ಹಳೇ ತಾಮ್ರಾ, ಸ್ಟೀಲ್ ಪಾತ್ರೇ!" ಎಂದು ಕೂಗಿದರೆ ಹೆಂಗಸರೆಲ್ಲ ಬೀದಿಗೆ ಬರುವರು. ಅಜ್ಜಿಯ ಕಾಲದ ಹಂಡೆ ಕೊಟ್ಟು ಎರಡು ತಟ್ಟೆ, ನಾಲ್ಕು ಲೋಟ ತೆಗೆದುಕೊಂಡು ಕನ್ನಡಿ ಹಾಗಿದೆ ಎಂದು ಮುಖ ನೋಡಿಕೊಳ್ಳುವರು. ನಮ್ಮತ್ತೆ ಸ್ಟೀಲ್ ಲೋಟವನ್ನು ಕುಟ್ಟಿ ಮುಖ ಕಿವುಚುವಳು. "ಇದು ಕೀಚಾಡ್ತದೆ ಕಣಮ್ಮ. ಪಾತ್ರೆ ಅಂದ್ರೆ ಹಾಡ್ಬೇಕು."

ಒಂದು ದಿನ ದೊಡ್ಡಮಾವನ ಮನೆಯಿಂದ ದೊಡ್ಡ ಕೊಪ್ಪರಿಗೆ ಹೊರಗೆ ಬಂತು. ಒಳಗೆ ಮಗು ಮಲಗಬಹುದು, ಅಷ್ಟು ಅಗಲ. ಎರಡು ಕಡೆ ಹಿಡಿಬಳೆ, ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು. ದೊಡ್ಡಮಾವನ ತಾಯಿಯ ಹೆಸರು, ಅಂದರೆ ನಮ್ಮತ್ತೆಯ ಅತ್ತೆಯದು. ಆಯಮ್ಮ ಮದುವೆಯಾಗಿ ಬಂದಾಗ ತವರಿನವರು ಹೆಸರು ಹಾಕಿಸಿ ಕೊಟ್ಟದ್ದು. ಭಾಗವಾದಾಗ ಹಿರಿಯ ಮಗನಿಗೆ ಎಂದು ದೊಡ್ಡಮಾವ ಇಟ್ಟುಕೊಂಡಿದ್ದರು. ಅದನ್ನು ಸ್ಟೀಲಿನವನ ಸೈಕಲ್ಲಿಗೆ ಕಟ್ಟಿಸಿದರು. ನಮ್ಮತ್ತೆ ಹಟ್ಟಿಯಲ್ಲಿ ಸಗಣಿ ಬಾಚುತ್ತಿದ್ದವಳು ಹಾಗೇ ಓಡಿದಳು. ಊರಾಚೆ ಹುಣಸೆಮರದ ಹತ್ತಿರ ಅವನನ್ನು ನಿಲ್ಲಿಸಿ ಏನು ಮಾತಾಡಿದಳೋ, ವಾಪಸ್ಸು ಬಂದು ನಮ್ಮ ಹಾಲು ಕೊಡುವ ಮೇಕೆಯನ್ನು ಬಿಚ್ಚಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಸ್ಟೀಲಿನವನು ಸೈಕಲ್ಲು ತಳ್ಳಿಕೊಂಡು, ಹಿಂದೆ ಮೇಕೆ ಎಳೆದುಕೊಂಡು ಹೋಗುವುದನ್ನು ಊರೆಲ್ಲ ನೋಡಿತು. ಅತ್ತೆ ಕೊಪ್ಪರಿಗೆಯನ್ನು ತಲೆ ಮೇಲೆ ಬೋರಲು ಹಾಕಿಕೊಂಡು ಬಂದಳು. ಮುಖವೇ ಕಾಣುತ್ತಿರಲಿಲ್ಲ.

ದೊಡ್ಡಮಾವ ಜಗಲಿ ಮೇಲಿಂದ ಕೂಗಿದರು: "ಏನಮ್ಮಾ, ನಾನು ಮಾರಿದ್ದನ್ನ ನೀನು ಬೀದೀಲಿ ಕೊಂಡ್ಕಂಡು ನನ್ನ ಮಾನ ಕಳೀತೀಯಾ?"

ಕೊಪ್ಪರಿಗೆಯ ಒಳಗಿಂದ ಉತ್ತರ ಬಂತು: "ಮಾರೋವಾಗ ಇರ್ನಿಲ್ವಾ ಬಾವ, ಮಾನ?"

ಅಲ್ಲಿಂದ ಜಗಳ ಶುರು. ಅಲ್ಲಿಂದಲೇ ವ್ಯಾಪಾರವೂ ಶುರು ಎನ್ನಬೇಕು. ಯಾಕೆಂದರೆ ಮುಂದಿನ ಲಗ್ನದ ಕಾಲ ಬಂದಾಗ ಜನಕ್ಕೆ ಬುದ್ಧಿ ಬಂತು. ಊರವರಿಗೆಲ್ಲ ಅನ್ನ ಬೇಯಿಸಬೇಕು, ನೀರು ಕಾಯಿಸಬೇಕು. ಸ್ಟೀಲ್ ಲೋಟದಲ್ಲಿ ಬೇಯಿಸುವುದಕ್ಕಾಗುತ್ತದೆಯೇ? ಮನೆಮನೆಯ ಹಂಡೆ, ಕೊಪ್ಪರಿಗೆ, ಗುಂಡಿ ಎಲ್ಲ ಸೈಕಲ್ ಹತ್ತಿ ಹೋಗಿದ್ದವು. ಮೊದಲು ಬಂದವಳು ಬೀದಿಯ ಕೊನೆಯ ಮನೆಯವಳು. ಬೆಳಿಗ್ಗೆಯೇ ಹಿತ್ತಿಲಿಂದ ಬಂದು, "ಅಮ್ಮಯ್ಯಾ, ಒಂದ್ ದಿವ್ಸದ ಮಟ್ಟಿಗೆ..." ಎಂದಳು. ಅತ್ತೆ ಕೊಟ್ಟಳು, ಬಾಡಿಗೆಯನ್ನೂ ಕೇಳಿದಳು. "ಬಿಟ್ಟಿ ಕೊಟ್ರೆ ಗೀರಿಕೊಂಡು ತರ್ತಾರೆ. ಬಾಡ್ಗೆ ಇಸ್ಕಂಡ್ರೆ ತೊಳೆದು ತರ್ತಾರೆ," ಎಂಬುದು ಅವಳ ಲೆಕ್ಕ.

ಆಮೇಲೆ ಅವಳು ಸ್ಟೀಲಿನವನನ್ನೇ ಹಿಡಿದಳು. ಕರಗಿಸುವುದಕ್ಕೆ ಹೋಗುವ ಮುಂಚೆ ನನಗೆ ತೋರಿಸು ಎಂದಳು. ದೇವನಹಳ್ಳಿ, ವಿಜಯಪುರದ ಸಂತೆಗಳಿಗೆ ನನ್ನ ಗಂಡನನ್ನು ಗಾಡಿ ಕಟ್ಟಿಸಿಕೊಂಡು ಹೊರಡುವಳು. ಅವನಿಗೆ ಹೊಲ ಉಳುವುದು ಗೊತ್ತೇ ಹೊರತು ಮಾತು ಗೊತ್ತಿಲ್ಲ. ಗಾಡಿ ಹೊಡೆಯುವುದು ಅವನ ಪಾಲಾಯಿತು. ನಾದಿನಿ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವುದು. ಅವಳು ತಿಕ್ಕಿದ ಹಂಡೆ ಬಿಸಿಲಿಗಿಟ್ಟರೆ ಆ ಕಡೆ ನೋಡಲಾಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಕಲಾಯಿ ಸಾಬರು ಬಂದು ಹುಣಸೆಮರದ ಕೆಳಗೆ ತಿದಿ ಊದಿ ಒಳಗೆಲ್ಲ ಬೆಳ್ಳಗೆ ಮಾಡಿಕೊಡುವರು. ದೊಡ್ಡದು ಬಾಡಿಗೆಗೆ, ಸಣ್ಣದು ಮಾರುವುದಕ್ಕೆ. ದುರ್ಗ ಹತ್ತಲು ಬೆಂಗಳೂರಿಂದ ಬರುವವರು ಕಾರು ನಿಲ್ಲಿಸಿ ದೀಪ, ಅಡಕತ್ತರಿ, ಪಾವು ಸೇರು ಕೊಳ್ಳುತ್ತಿದ್ದರು. ಒಬ್ಬಳು ಚೆಂದದ ಕಂಚಿನ ಬಟ್ಟಲು ಆರಿಸಿ, ಮೇಲಿರುವ ಹೆಸರನ್ನು ಉಜ್ಜಿಸಿ ಕೊಡಿ ಎಂದಳು. ಅತ್ತೆ ಬಟ್ಟಲನ್ನು ಅವಳ ಕೈಯಿಂದ ತೆಗೆದು ಒಳಗಿಟ್ಟಳು. "ನಿಮ್ಮ ಹೆಸ್ರು ಉಜ್ಜಿದ್ರೆ ನೀವು ಸುಮ್ನಿರ್ತೀರಾ ತಾಯಿ?" ಅಂದಳು. ವ್ಯಾಪಾರ ಹೋಯಿತು. ಹೋಗಲಿ ಎಂದಳು.

ನನ್ನ ಪಾಲಿಗೆ ಬಂದದ್ದು ಹೆಸರು ಓದುವುದು. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ನಾನು ಎರಡನೇ ಕ್ಲಾಸಿಗೆ ಬಿಟ್ಟವಳು, ಬಂದದ್ದೂ ಮರೆತಿತ್ತು. "ಇಸ್ಕೂಲಿಗೆ ಹೋಗಿದ್ದೆಯಂತೆ, ಓದು," ಎಂದು ಮೊದಲ ದಿನ ಒಂದು ಬಿಂದಿಗೆ ಮುಂದಿಟ್ಟಳು. ಬರೀ ಚುಕ್ಕೆ. ನನಗೆ ಏನೂ ಕಾಣಲಿಲ್ಲ. ಅವಳು ಬೆರಳಲ್ಲಿ ಸುಣ್ಣ ತೆಗೆದು ಚುಕ್ಕೆಗಳ ಮೇಲೆ ಬಳಿದು ಬಟ್ಟೆಯಿಂದ ಒರೆಸಿದಳು. ಸುಣ್ಣ ಚುಕ್ಕೆಯೊಳಗೆ ಉಳಿದು ಅಕ್ಷರ ಬೆಳ್ಳಗೆ ಎದ್ದು ನಿಂತಿತು. "ಈಗ್ಲಾದ್ರೂ ಓದೇ." ಒಂದೊಂದೇ ಕೂಡಿಸಿ ಓದಿದೆ. ಯಾವಳೋ ರಂಗಮ್ಮ. ಆಮೇಲೆ ಮುನಿಯಮ್ಮ, ಚಿಕ್ಕಮ್ಮ, ಒತ್ತಕ್ಷರ ಬಂದಾಗ ತಡವರಿಸಿ ಲಕ್ಷ್ಮಮ್ಮ. ಈಗ ನಾಲ್ಕು ಸಾಲು ಬರೆಯುವ ಧೈರ್ಯ ಮಾಡಿದ್ದೇನೆ ಅಂದರೆ ಅದು ಸತ್ತ ಹೆಂಗಸರ ಪಾತ್ರೆ ಮೇಲೆ ಕಲಿತದ್ದು.

ಅತ್ತೆ ಒಂದು ಕಟ್ಟು ಮಾಡಿದ್ದಳು. ಪಾತ್ರೆ ಬಾಡಿಗೆಗೆ ಹೋಗುವಾಗ ಕೊಂಡುಹೋಗುವವರ ಮುಂದೆ ಒಂದೊಂದರ ಹೆಸರನ್ನೂ ನಾನು ಗಟ್ಟಿಯಾಗಿ ಓದಬೇಕು, ಅವಳು ಗೆಣ್ಣಿಂದ ಕುಟ್ಟಿ ಸದ್ದು ಕೇಳಿಸಬೇಕು. ವಾಪಸ್ಸು ಬಂದಾಗ ಮತ್ತೆ ಹಾಗೇ. ಹೆಸರು ತಪ್ಪಿದರೆ ಪಾತ್ರೆ ಬದಲಾಗಿದೆ, ಸದ್ದು ತಪ್ಪಿದರೆ ಬಿರುಕು ಬಿಟ್ಟಿದೆ. ಇನ್ನೊಂದು: ಮನೆಯವರೇ ಬಂದು ಕೇಳಬೇಕು, ಪಾತ್ರೆ ಜೊತೆ ನಮ್ಮ ಕಡೆಯವರೊಬ್ಬರು ಹೋಗಬೇಕು. ಒಂದೇ ಒಂದು ಪಾತ್ರೆಯ ಹೆಸರನ್ನು ಮಾತ್ರ ನಾನು ಓದುತ್ತಿರಲಿಲ್ಲ. ಆ ಕೊಪ್ಪರಿಗೆಯದು. ಅತ್ತೆ ಮಾವಂದಿರ ಹೆಸರನ್ನು, ಅವರ ಹಿರಿಯರ ಹೆಸರನ್ನು ಸೊಸೆಯಾದವಳು ಬಾಯಲ್ಲಿ ಹೇಳಕೂಡದು. ಅದು ಬಂದಾಗ "ನಮ್ದು" ಎನ್ನುತ್ತಿದ್ದೆ. ಅತ್ತೆಯೂ ಸುಮ್ಮನಿದ್ದಳು, ಅವಳಿಗೂ ಅದು ಅತ್ತೆಯ ಹೆಸರೇ.

ನಾದಿನಿಗೆ ದೇವನಹಳ್ಳಿ ಕಡೆಯಿಂದ ಒಂದು ಸಂಬಂಧ ಬಂತು. ತಂದದ್ದು ದೊಡ್ಡಮಾವ. ಗಂಡಿಗೆ ಶಾಲೆಯಲ್ಲಿ ಗುಮಾಸ್ತೆ ಕೆಲಸ. ನೋಡಲು ಬಂದವರು ಜಗಲಿಯ ಮೇಲೆ ಹಂಡೆಗಳ ನಡುವೆ ಕಾಲು ಮಡಚಿ ಕೂತರು. ಗಂಡಿನ ಅಪ್ಪ ಕಾಫಿ ಕುಡಿದು ಲೋಟ ಇಟ್ಟು ಹೇಳಿದ:

"ಹುಡ್ಗಿ ಒಪ್ಗೆ. ಆದ್ರೆ ಈ ಗುಜರಿ ಯಾಪಾರ ನಿಲ್ಲಿಸ್ಬೇಕು. ಊರೋರ ಅಟ್ಟ ಗುಡಿಸೋರ ಮನೆ ಹೆಣ್ಣು ತಂದ್ರು ಅಂತ ನಾಳೆ ನಮ್ಮೂರಾಗೆ ಆಡ್ಕಂತಾರೆ."

ದೊಡ್ಡಮಾವ ತಕ್ಷಣ, "ನಿಲ್ಲಿಸ್ತಾಳೆ, ನಿಲ್ಲಿಸ್ತಾಳೆ. ನಾನು ಹೇಳ್ತೀನಿ," ಎಂದರು.

ಅತ್ತೆ ಅವರ ಕಡೆ ನೋಡಲೇ ಇಲ್ಲ. ಬಾಯಲ್ಲಿದ್ದ ಎಲೆಅಡಿಕೆಯನ್ನು ಆಚೆ ಉಗಿದು ಬಂದು ಮಗಳನ್ನು ಕರೆದಳು. ನಾದಿನಿ ರೇಷ್ಮೆ ಸೀರೆ ಉಟ್ಟು ಬಾಗಿಲ ಹಿಂದೆ ನಿಂತಿದ್ದಳು. ಎಷ್ಟು ತೊಳೆದರೂ ಉಗುರಿನ ಕಪ್ಪು ಹೋಗಿರಲಿಲ್ಲ.

"ಕೇಳಿಸ್ಕಂಡಾ? ಓಗ್ತೀನಿ ಅಂದ್ರೆ ನಾಳೇನೇ ಎಲ್ಲಾನೂ ಗಾಡಿಗೆ ತುಂಬಿ ಸಂತೆಗೆ ಹಾಕ್ಬಿಡ್ತೀನಿ. ನಿನ್ ಮುಂದೆ ಇದ್ಯಾವ್ದೂ ಹೆಚ್ಚಲ್ಲ. ಬಾಯ್ಬಿಟ್ಟು ಹೇಳು."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಮಗಳು ಹೂಂ ಅಂದಿದ್ದರೆ ಮಾರನೆಯ ದಿನ ಜಗಲಿ ಖಾಲಿಯಾಗುತ್ತಿತ್ತು. ಹೂಂ ಅನ್ನದಿರಲಿ ಎಂದು ನಾನು ಅವತ್ತು ಒಳಗೊಳಗೇ ದೇವರಿಗೆ ಕೈಮುಗಿದದ್ದು ಈಗಲೂ ನೆನಪಿದೆ. ಮೊದಮೊದಲು ನಾನು ನಾಚಿಕೆಪಟ್ಟಿದ್ದ ಅದೇ ಹಂಡೆಗಳಿಗಾಗಿ.

ನಾದಿನಿ ಗಂಡಿನ ಅಪ್ಪನನ್ನು ನೋಡಿದಳು, ಆ ಗುಮಾಸ್ತೆಯನ್ನು ನೋಡಿದಳು. ಅವನು ತನ್ನ ಚಪ್ಪಲಿ ನೋಡುತ್ತಿದ್ದ.

"ಹುಣಸೇಹಣ್ಣು ನೆನೆಹಾಕಿ ಬಾಳಾ ಹೊತ್ತಾಯ್ತು," ಎಂದಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಿಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಹಂಡೆ ತಿಕ್ಕುವ ಸದ್ದು ಕೇಳಿಸಿತು. ಬಂದವರೂ ಕೇಳಿಸಿಕೊಂಡರು.

ಅತ್ತೆ ತಟ್ಟೆ ಮುಂದೆ ಸರಿಸಿದಳು. "ಎಲೆ ಅಡ್ಕೆ ತಕಳಿ. ಬಿಸ್ಲಾಗೆ ಬಂದಿದೀರ, ನೆರಳು ನೋಡ್ಕಂಡು ಹೊರಡಿ."

ಅವರು ಹೋದ ಮೇಲೆ ದೊಡ್ಡಮಾವ ಕುಣಿದಾಡಿಬಿಟ್ಟರು. "ಮಗಳನ್ನೂ ಹಂಡೆ ಜೊತೆ ಅಟ್ಟಕ್ಕೆ ಹಾಕು! ಅಪ್ಪ ಇಲ್ಲದ ಹೆಣ್ಣು, ಧಾರೆಗೆ ಯಾರು ನಿಲ್ತಾನೆ ನೋಡ್ತೀನಿ. ನಾನಂತೂ ನಿಲ್ಲಲ್ಲ. ಇನ್ಮೇಲೆ ನಮ್ಮನೆ ಒಳ್ಳೇದು ಕೆಟ್ಟದ್ದು ಯಾವ್ದಕ್ಕೂ ನಿಮ್ಗೆ ಹೇಳ್ಕೆ ಇಲ್ಲ."

ಇದು ಸಣ್ಣ ಮಾತಲ್ಲ. ಅಪ್ಪ ಸತ್ತ ಹೆಣ್ಣನ್ನು ಧಾರೆಯೆರೆದು ಕೊಡಬೇಕಾದವರು ದೊಡ್ಡಪ್ಪ. ವಿಧವೆ ಅಲ್ಲಿ ನಿಲ್ಲುವ ಹಾಗಿಲ್ಲ, ಹಿರಿಯರು ಇರುವಾಗ ನನ್ನ ಗಂಡ ನಿಂತರೂ ಜನ ಒಪ್ಪುವುದಿಲ್ಲ. ದೊಡ್ಡಪ್ಪನೇ ಬಿಟ್ಟ ಮನೆ ಎಂದರೆ ಯಾವ ಸಂಬಂಧವೂ ಹೊಸಲು ತುಳಿಯುವುದಿಲ್ಲ. ಊರವರು ಅತ್ತೆಗೆ ಬುದ್ಧಿ ಹೇಳಿದರು, ಹೋಗಿ ಕಾಲಿಗೆ ಬೀಳು ಎಂದರು. "ಮೊಣಕಾಲು ನೋವು, ಬಗ್ಗಕ್ಕಾಗಲ್ಲ," ಎಂದಳು. ಅದೇ ಮೊಣಕಾಲಲ್ಲಿ ಆ ವಾರವೂ ಒರಳು ಹತ್ತಿ ಯಾರದೋ ಅಟ್ಟ ಸೇರಿದ್ದಳು.

ಗೋಡೆಯ ಆಚೆ ಈಚೆ ಮಾತಿಲ್ಲದೆ ಒಂದು ವರ್ಷದ ಮೇಲಾಯಿತು. ಆಮೇಲೆ ದೊಡ್ಡಮಾವನ ಹಿರಿಯ ಮಗನ ಮದುವೆ ಗೊತ್ತಾಯಿತು. ಚಪ್ಪರ ನಮ್ಮ ಬಾಗಿಲಿಗೆ ಅಂಟಿಕೊಂಡೇ ಎದ್ದಿತು, ನಮಗೆ ಹೇಳಿಕೆ ಬರಲಿಲ್ಲ. ಪಾತ್ರೆಗೆಂದು ಪೇಟೆಗೆ ಹೋದರು. ಒಳ್ಳೆಯ ಲಗ್ನ, ಎಲ್ಲ ಕಡೆ ಮದುವೆ, ಪೇಟೆಯ ಪಾತ್ರೆಯೆಲ್ಲ ಹೊರಟುಹೋಗಿದ್ದವು. ಆಳನ್ನು ಕಳಿಸಿದರು. ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟು ವಾಪಸ್ಸು ಕಳಿಸಿದಳು. "ಮನೆಯೋರೇ ಬರ್ಬೇಕು ಅಂತ ಹೇಳಪ್ಪಾ. ಎಲ್ರಿಗೂ ಅದೇ."

ಸಂಜೆಗೆ ದೊಡ್ಡಮಾವನೇ ಬಂದರು. ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತರು.

"ಎಷ್ಟ್ ಬೇಕು ಬಾವ?" ಎಂದಳು ಅತ್ತೆ, ನಿನ್ನೆ ತಾನೇ ಮಾತಾಡಿದವಳ ಹಾಗೆ.

ಹಂಡೆ ಇಷ್ಟು, ಗುಂಡಿ ಇಷ್ಟು ಎಂದರು. ಸ್ವಲ್ಪ ತಡೆದು, "ದೊಡ್ಡ ಕೊಪ್ಪರಿಗೇನೂ ಬೇಕು," ಎಂದರು.

"ಕೊಡಾನ. ಬಾಡ್ಗೆ ಎಲ್ರಿಗೂ ಒಂದೇ."

ದೊಡ್ಡಮಾವನ ಮುಖ ಕೆಂಪಾಯಿತು. "ನಮ್ಮವ್ವನ ಕೊಪ್ಪರಿಗೆಗೆ ನಾನು ಬಾಡ್ಗೆ ಕೊಡ್ಬೇಕಾ?"

"ನಿಮ್ಮವ್ವನ್ನ ಸೈಕಲ್ ಮ್ಯಾಲೆ ಕಳಿಸ್ಬಿಟ್ಟಿದ್ರಲ್ಲ ಬಾವ. ನಾನು ಮೇಕೆ ಕೊಟ್ಟು ಕರ್ಕಂಡ್ ಬಂದೆ."

ನನ್ನ ಗಂಡ ಗಾಡಿಯ ಹತ್ತಿರ ಹೋಗಿ ಇಲ್ಲದ ಕೆಲಸ ಹುಡುಕಿಕೊಂಡ. ಅತ್ತೆ ನನ್ನ ಕಡೆ ತಿರುಗಿ, "ಓದು," ಎಂದಳು.

ಒಂದೊಂದಾಗಿ ಓದಿದೆ. ಅವಳು ಕುಟ್ಟಿದಳು. ಕೊನೆಗೆ ಕೊಪ್ಪರಿಗೆ. ನಾನು "ನಮ್ದು" ಎಂದೆ.

"ಹೆಸ್ರು ಓದು."

ನಾನು ತಲೆ ತಗ್ಗಿಸಿದೆ. ಆಯಮ್ಮನ ಹಿರಿಯ ಮಗನೇ ಎದುರಿಗೆ ನಿಂತಿದ್ದಾರೆ, ನಾನು ಕಿರಿಯ ಮಗನ ಮನೆಯ ಸೊಸೆ.

"ಬಾಯಲ್ಲಿ ಹೇಳ್ಬಾರ್ದು ಅತ್ತೆ."

"ಮನ್ಸರ ಮ್ಯಾಲಿದ್ರೆ ಮನ್ಸರ ಹೆಸ್ರು. ಪಾತ್ರೆ ಮ್ಯಾಲಿದ್ರೆ ಪಾತ್ರೆ ಹೆಸ್ರು. ಯಾರೂ ಕೂಗ್ದೆ ಇದ್ದಿದ್ಕೇ ಅಲ್ವಾ ಇದು ಸೈಕಲ್ ಹತ್ತಿದ್ದು? ಓದು ಅಂದೆ!"

ಓದಿದೆ, ಗಟ್ಟಿಯಾಗಿಯೇ ಓದಿದೆ. ಅತ್ತೆ ಗೆಣ್ಣಿಂದ ಕುಟ್ಟಿದಳು. ಕೊಪ್ಪರಿಗೆಯ ಸದ್ದು ಬೇಗ ನಿಲ್ಲುವಂಥದ್ದಲ್ಲ, ಅಂಗಳದಲ್ಲಿ ಸುತ್ತುತ್ತಾ ಇತ್ತು. ದೊಡ್ಡಮಾವ ಅದು ಪೂರ್ತಿ ಅಡಗುವ ತನಕ ನಿಂತಿದ್ದರು. ಆ ಮನೆಯಲ್ಲಿ ಆ ಹೆಸರನ್ನು ಯಾರಾದರೂ ಕೂಗಿ ಎಷ್ಟು ಕಾಲವಾಗಿತ್ತೋ. ಆಮೇಲೆ ಮೂಗು ಒರೆಸಿಕೊಂಡು, ಪಂಚೆ ಎತ್ತಿ ಕಟ್ಟಿ, ಆಳನ್ನು ಆಚೆ ತಳ್ಳಿ ತಾವೇ ಒಂದು ಹಿಡಿಬಳೆ ಹಿಡಿದರು.

"ಆ ಕಡೆ ಹಿಡಿಯಮ್ಮ," ಎಂದರು ಅತ್ತೆಗೆ.

ಕಟ್ಟಿನ ಪ್ರಕಾರ ಪಾತ್ರೆ ಜೊತೆ ನಮ್ಮ ಕಡೆಯವರೊಬ್ಬರು ಹೋಗಬೇಕು. ನಾಲ್ಕೂ ಜನ ಹೋದೆವು. ಹೇಳಿಕೆ ಇಲ್ಲದ ಮದುವೆಯಲ್ಲಿ ನಮ್ಮತ್ತೆ ಒಲೆಯ ಹತ್ತಿರ ಮಣೆ ಹಾಕಿಕೊಂಡು ರಾಣಿಯ ಹಾಗೆ ಕೂತಿದ್ದಳು. ಸೌಟು ತಾಗಿಸಿದವರನ್ನೆಲ್ಲ ಬೈದಳು. ಬೀಗರ ಕಡೆಯವರು ಯಾರಿವರು ಎಂದು ಕೇಳಿದಾಗ ದೊಡ್ಡಮಾವನೇ, "ನನ್ ತಮ್ಮನ ಹೆಂಡ್ತಿ. ಪಾತ್ರೆ ಎಲ್ಲಾ ಅವಳ್ದೇ," ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮದುವೆ ಮುಗಿದ ಮೇಲೆ ಬಾಡಿಗೆ ಕೊಟ್ಟರು. ಅತ್ತೆ ಇಸ್ಕೊಂಡಳು.

ನಾದಿನಿಯ ಮದುವೆ ಆಮೇಲೆ ಅರಿಶಿನಕುಂಟೆಯವನ ಜೊತೆ ಆಯಿತು. ದೊಡ್ಡ ಸಂಬಂಧವೇನಲ್ಲ, ಲಾರಿ ಓಡಿಸುತ್ತಿದ್ದ. ಹೆದ್ದಾರಿ ಪಕ್ಕದ ಮನೆ. ಅವನು ಹೋದ ಊರಲ್ಲೆಲ್ಲ ಹಳೆಯ ಸಾಮಾನು ನೋಡಿ ತರುತ್ತಿದ್ದ, ಅವಳು ಅಲ್ಲೇ ಒಂದು ಅಂಗಡಿ ಇಟ್ಟಳು. ಧಾರೆಗೆ ದೊಡ್ಡಮಾವನೇ ನಿಂತರು. ಅತ್ತೆ ಕೇಳಿರಲಿಲ್ಲ. ಕೇಳುವವಳೂ ಅಲ್ಲ.

ಒಮ್ಮೆ ನಾನು ಕೇಳಿದ್ದೆ, ಇಷ್ಟು ಪಾತ್ರೆ ಸೇರಿಸಿದ್ದೀಯ, ಒಂದರ ಮೇಲಾದರೂ ನಿನ್ನ ಹೆಸರು ಹಾಕಿಸಬಾರದಾ ಎಂದು. ಅತ್ತೆ ನಕ್ಕುಬಿಟ್ಟಳು. "ಹೆಸ್ರು ಮನೆಗೆ ತಂದುಕೊಟ್ಟೋರ್ದು ಇರ್ಬೇಕು ಕಣೇ. ನಾನು ಕೊಂಡೋಳು, ಬಾಡ್ಗೆ ಇಸ್ಕಂಡೋಳು. ಯಾರಿಗೇನು ಕೊಟ್ಟಿದೀನಿ?"

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಹಾಸಿಗೆ ಹಿಡಿದಳು. ಗಂಜಿಯನ್ನು ಸ್ಟೀಲ್ ಲೋಟದಲ್ಲಿ ಕೊಟ್ಟರೆ ಆ ಸ್ಥಿತಿಯಲ್ಲೂ ಗೆಣ್ಣಿಂದ ಕುಟ್ಟಿ ಮುಖ ತಿರುಗಿಸುವಳು. ಕಂಚಿನ ಬಟ್ಟಲಿಗೆ ಹಾಕಿಕೊಡಬೇಕಾಯಿತು. ಅದು ಆ ಬೆಂಗಳೂರಿನವಳಿಗೆ ಕೊಡದೆ ಒಳಗಿಟ್ಟ ಬಟ್ಟಲೇ. ಹಾಗೇ ಒಂದು ಬೆಳಿಗ್ಗೆ ಬಟ್ಟಲು ಮುಂದಿಟ್ಟೆ, ಕುಟ್ಟಲಿಲ್ಲ. ಗೊತ್ತಾಯಿತು.

ತಿಥಿಯ ಅಡಿಗೆ ಕೊಪ್ಪರಿಗೆಯಲ್ಲೇ ಆಯಿತು. ನೆಂಟರೆಲ್ಲ ಹೋದ ಮೇಲೆ ಅದನ್ನು ತೊಳೆದು, ಬೋರಲು ಹಾಕಿ, ಒಂದು ಮೊಳೆ, ಸಣ್ಣ ಸುತ್ತಿಗೆ ತೆಗೆದುಕೊಂಡು ಕೂತೆ. ಆಯಮ್ಮನ ಹೆಸರಿನ ಪಕ್ಕದಲ್ಲಿ ಚುಕ್ಕೆ ಚುಕ್ಕೆಯಾಗಿ ನಮ್ಮತ್ತೆಯ ಹೆಸರು ಕೊರೆದೆ. ಸೊಟ್ಟವಾಯಿತು. ಒಂದು ಕೊಂಬು ಬಿಟ್ಟುಹೋಗಿ ಆಮೇಲೆ ಸಂದಿಯಲ್ಲಿ ತುರುಕಿದೆ. ನನ್ನ ಗಂಡ ನೋಡಿ, ಅವ್ವ ಬೇಡ ಅಂದಿದ್ದಳಲ್ಲ ಎಂದ. ಕೊಟ್ಟವರ ಹೆಸರು ಇರಬೇಕು ಅಂತಲೂ ಅಂದಿದ್ದಳು ಎಂದೆ. ದೊಡ್ಡಮಾವ ಬಗ್ಗಿ ನೋಡಿ ಹೋದರು. ಊರ ಹೆಂಗಸರು ಆಡಿಕೊಂಡರು. ಅತ್ತೆ ಹೆಸರು ಸೊಸೆ ಬರೆಯುತ್ತಾಳಾ, ಅದನ್ನು ಬೀದಿಯಲ್ಲಿ ಕೂಗುತ್ತಾಳಾ ಎಂದರು. ಅನ್ನಲಿ. ಅವರ ಮಕ್ಕಳ ಮದುವೆಗೂ ಅದೇ ಕೊಪ್ಪರಿಗೆ ಹೋಯಿತು. ಕಟ್ಟು ಕಟ್ಟೇ, ಹೆಸರು ಓದದೆ ಪಾತ್ರೆ ಹೊಸಲು ದಾಟುವುದಿಲ್ಲ. ಲಗ್ನದ ಕಾಲ ಬಂದರೆ ಅಂಗಳದಲ್ಲಿ ನಿಂತು ಬಾಯ್ತುಂಬ ಕೂಗುತ್ತೇನೆ. ಈಗ ನನ್ನ ಗೆಣ್ಣೂ ಜಡ್ಡುಗಟ್ಟಿದೆ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೇಳಬೇಕು ಅನ್ನಿಸಿದರೆ ಮದುವೆಗೆ ಕೊಪ್ಪರಿಗೆ ಬೇಕು ಎಂದು ಬನ್ನಿ. ನೀವೇ ಬರಬೇಕು, ಆಳನ್ನು ಕಳಿಸಬೇಡಿ. ಬಾಡಿಗೆ ಎಲ್ಲರಿಗೂ ಒಂದೇ.